ನೌಕೆ ಎಲ್ಲಿದೆ ಅಂತ ಭೂಮಿಯಲ್ಲಿ ಕೂತು ತಿಳಿಯುವುದು ಹೇಗೆ?

ಮಿನುಗುತಾರೆ

ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ. ಜಿಪಿಎಸ್ ಉಪಗ್ರಹಗಳು ಸುತ್ತುವುದು ಸುಮಾರು 20,000 ಕಿ.ಮೀ. ಎತ್ತರದಲ್ಲಿ. ಗುರು, ಶನಿ, ಪ್ಲೂಟೊ ಕಡೆ ಹೋಗುವ ನೌಕೆಗೆ ಆ ಅನುಕೂಲ ಇಲ್ಲ. ಆದರೂ ನ್ಯೂ ಹೊರೈಜನ್ಸ್ 2006ರ ಜನವರಿಯಲ್ಲಿ ಹೊರಟು, 2015ರ ಜುಲೈ 14ರಂದು ಪ್ಲೂಟೊ ಮೇಲ್ಮೈಯಿಂದ ಬರೀ 12,500 ಕಿ.ಮೀ. ದೂರದಲ್ಲಿ ಹಾದುಹೋಯಿತು. ಅದು ತೂರಿಹೋಗಬೇಕಿದ್ದ ಕಿಂಡಿ 60 ಕಿ.ಮೀ.ಗೆ 90 ಕಿ.ಮೀ. ಅಷ್ಟೇ. ಒಂಬತ್ತೂವರೆ ವರ್ಷದ ದಾರಿಯಲ್ಲಿ ಸಮಯದ ವ್ಯತ್ಯಾಸ ಸುಮಾರು ಒಂದು ನಿಮಿಷ!

"ಡಾಪ್ಲರ್ ಪರಿಣಾಮದಿಂದ ಗೊತ್ತಾಗುತ್ತದೆ" ಅಂತ ಓದಿದ ಲೇಖನಗಳೆಲ್ಲ ಒಂದೇ ಸಾಲಲ್ಲಿ ಮುಗಿಸುತ್ತವೆ. ಆದರೆ ಡಾಪ್ಲರ್‌ನಿಂದ, ಅಂದರೆ ಚಲನೆಯಿಂದಾಗಿ ಅಲೆಯ ಕಂಪನಾಂಕ ಬದಲಾಗುವುದರಿಂದ, ಸಿಗುವುದು ವೇಗ. ಅದೂ ನಮ್ಮ ಕಡೆ ಬರುವ ಅಥವಾ ನಮ್ಮಿಂದ ದೂರ ಸರಿಯುವ ವೇಗ ಮಾತ್ರ. ಹಾಗಾದರೆ ಜಾಗ ಹೇಗೆ ತಿಳಿಯುತ್ತದೆ? ನೌಕೆ ಅಡ್ಡಡ್ಡ ಸರಿದರೆ? ದೂರದರ್ಶಕದಲ್ಲಿ ನೋಡುತ್ತಾರಾ, ರೇಡಾರ್ ಬಳಸುತ್ತಾರಾ? ಗೊತ್ತಿರುವವರು ಬಿಡಿಸಿ ಹೇಳಿ. ಲೆಕ್ಕ ಬಂದರೂ ಪರವಾಗಿಲ್ಲ.

ರೇಡಿಯೊಪ್ರಿಯ

ಸುಲಭದ ಎರಡನ್ನು ಮೊದಲು ಮುಗಿಸುತ್ತೇನೆ. ದೂರದರ್ಶಕ ಆಗುವುದಿಲ್ಲ. ಗುರುಗ್ರಹದ ದೂರದಲ್ಲಿರುವ ಕೆಲವೇ ಮೀಟರ್ ಅಗಲದ ವಸ್ತು ಹಬಲ್‌ಗೂ ಕಾಣುವಷ್ಟು ಹೊಳೆಯುವುದಿಲ್ಲ.

ರೇಡಾರ್‌ನಲ್ಲಿ ಅಲೆ ಹೋಗಿ, ಬಡಿದು, ವಾಪಸ್ ಬರಬೇಕು. ಹೋಗುವಾಗ ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುತ್ತದೆ, ಬರುವಾಗ ಇನ್ನೊಮ್ಮೆ. ದೂರ ಎರಡು ಪಟ್ಟಾದರೆ ಪ್ರತಿಧ್ವನಿ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಚಂದ್ರನವರೆಗೆ ಇದು ಸಾಧ್ಯ. 2009ರ ಆಗಸ್ಟ್‌ನಲ್ಲಿ ಸಂಪರ್ಕ ಕಡಿದುಕೊಂಡ ನಮ್ಮ ಚಂದ್ರಯಾನ-1ನ್ನು 2016ರಲ್ಲಿ ಹೀಗೇ ಪತ್ತೆ ಹಚ್ಚಿದ್ದು. ಅಮೆರಿಕದ ಗೋಲ್ಡ್‌ಸ್ಟೋನ್‌ನ 70 ಮೀಟರ್ ಡಿಶ್‌ನಿಂದ ಅಲೆ ಬಿಟ್ಟು, ಅಲ್ಲಿನದೇ ಗ್ರೀನ್ ಬ್ಯಾಂಕ್‌ನ 100 ಮೀಟರ್ ರೇಡಿಯೊ ದೂರದರ್ಶಕದಲ್ಲಿ ಪ್ರತಿಧ್ವನಿ ಹಿಡಿದರು. ಒಂದೂವರೆ ಮೀಟರಿನ ಡಬ್ಬ, ಸದ್ದಿಲ್ಲದೆ ಚಂದ್ರನನ್ನು ಸುತ್ತುತ್ತಲೇ ಇತ್ತು. 2009ರ ಕಕ್ಷೆಯ ಲೆಕ್ಕ ಹೇಳಿದ್ದ ಜಾಗದಿಂದ ಅರ್ಧ ಸುತ್ತು ಆಚೆಗೆ!

ಗ್ರಹಗಳಷ್ಟು ದೂರದಲ್ಲಿ ಇಂಥ ಆಟ ನಡೆಯುವುದಿಲ್ಲ. ಅಲ್ಲಿ ನೌಕೆಯೇ ಮಾತಾಡಬೇಕು. ಆ ಮಾತಾದರೂ ಎಷ್ಟು ಸಣ್ಣದು ನೋಡಿ: ವಾಯೇಜರ್-1ರ ಟ್ರಾನ್ಸ್‌ಮಿಟರ್ ಸುಮಾರು 23 ವ್ಯಾಟ್, ದೂರ 2,500 ಕೋಟಿ ಕಿ.ಮೀ. ಆಸುಪಾಸು. 70 ಮೀಟರ್ ಡಿಶ್ ಪೂರ್ತಿ ಸೇರಿಸಿ ಹಿಡಿಯುವ ಶಕ್ತಿ ಒಂದು ವ್ಯಾಟ್‌ನ ನೂರು ಕೋಟಿಯಲ್ಲಿ ಒಂದು ಭಾಗದ, ಮತ್ತೆ ನೂರು ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅದಕ್ಕೇ ರಿಸೀವರ್‌ನ ಮೊದಲ ಆಂಪ್ಲಿಫೈಯರನ್ನು ಮೈನಸ್ 250 ಡಿಗ್ರಿಗಿಂತಲೂ ಕೆಳಗೆ ತಣ್ಣಗಿಟ್ಟಿರುತ್ತಾರೆ. ಇಲ್ಲದಿದ್ದರೆ ಅದರ ಸ್ವಂತ ಶಾಖದ ಗದ್ದಲದಲ್ಲೇ ಸಿಗ್ನಲ್ ಮುಳುಗಿಹೋಗುತ್ತದೆ.

ಕಕ್ಷೆಲೆಕ್ಕ

ಮಿನುಗುತಾರೆ ಅವರೇ, ಒಳ್ಳೆಯ ಪ್ರಶ್ನೆ. ಉತ್ತರ ಉದ್ದ ಇದೆ, ಕಂತುಗಳಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಡಿಶ್ ಯಾವ ದಿಕ್ಕಿಗೆ ಮುಖ ಮಾಡಿದೆ ಎನ್ನುವುದರಿಂದ ನೌಕೆಯ ಜಾಗ ಹೇಳಲು ಬರುವುದಿಲ್ಲ. 70 ಮೀಟರ್ ಡಿಶ್‌ನ ನೋಟದ ಅಗಲ ಸುಮಾರು 0.03 ಡಿಗ್ರಿ. ಕೇಳಲು ಸಣ್ಣದು. ಆದರೆ ಸೂರ್ಯ–ಭೂಮಿ ನಡುವಿನಷ್ಟು ದೂರದಲ್ಲಿ ಅದು 75,000 ಕಿ.ಮೀ. ಅಗಲವಾಗಿ ಹರಡಿಕೊಂಡಿರುತ್ತದೆ.

ನಿಜವಾದ ಅಳತೆ ಸಿಗ್ನಲ್‌ನ ಕಂಪನಾಂಕದ್ದು. ಭೂಮಿಯಿಂದ ಸುಮಾರು 7.2 ಗಿಗಾಹರ್ಟ್ಸ್‌ನ ಅಲೆ ಕಳಿಸುತ್ತಾರೆ. ಅದರ ಕಂಪನವನ್ನು ಹಿಡಿದಿಡುವುದು ಹೈಡ್ರೋಜನ್ ಮೇಸರ್ ಎಂಬ ಪರಮಾಣು ಗಡಿಯಾರ. ನೌಕೆಯ ಟ್ರಾನ್ಸ್‌ಪಾಂಡರ್ ಬಂದ ಅಲೆಗೆ ತನ್ನನ್ನು ಹೊಂದಿಸಿಕೊಂಡು, ಅದನ್ನು ನಿಖರವಾಗಿ 880/749ರಿಂದ ಗುಣಿಸಿ ಸುಮಾರು 8.4 ಗಿಗಾಹರ್ಟ್ಸ್‌ನಲ್ಲಿ ವಾಪಸ್ ಕಳಿಸುತ್ತದೆ. ನೌಕೆ ತನ್ನದೇ ಆಂದೋಲಕದಿಂದ ಅಲೆ ಹೊಮ್ಮಿಸಬಹುದು, ಹೊಮ್ಮಿಸುತ್ತದೆ ಕೂಡ. ಆದರೆ ಆ ಆಂದೋಲಕ ಬಿಸಿಗೆ, ವಯಸ್ಸಿಗೆ ಅತ್ತಿತ್ತ ಆಗುತ್ತದೆ. ಆಗ ಬದಲಾದದ್ದು ವೇಗವೋ ಆಂದೋಲಕವೋ ಹೇಳಲಾಗದು. ಭೂಮಿಯ ಗಡಿಯಾರದ್ದೇ ಅಲೆ ಹೋಗಿ ಬಂದರೆ ಆ ಅನುಮಾನ ಉಳಿಯುವುದಿಲ್ಲ.

ಈಗ ಲೆಕ್ಕ. ನೌಕೆಯ ವೇಗದಲ್ಲಿ ಸೆಕೆಂಡಿಗೆ 1 ಮಿಲಿಮೀಟರ್ ವ್ಯತ್ಯಾಸವಾದರೆ ಹೋಗಿಬಂದ ಅಲೆಯಲ್ಲಿ ಸುಮಾರು 0.056 ಹರ್ಟ್ಸ್ ಬದಲಾಗುತ್ತದೆ. ಅಂದರೆ ಸೆಕೆಂಡಿಗೆ 840 ಕೋಟಿ ಸಲ ಏರಿಳಿಯುವ ಅಲೆಯಲ್ಲಿ, 18 ಸೆಕೆಂಡಿಗೆ ಒಂದೇ ಒಂದು ಏರಿಳಿತ ಹೆಚ್ಚು ಅಥವಾ ಕಡಿಮೆ. ಒಂದು ನಿಮಿಷ ಬಿಡದೆ ಎಣಿಸಿದರೆ ಸೆಕೆಂಡಿಗೆ 0.1 ಮಿ.ಮೀ.ನಷ್ಟು ಸಣ್ಣ ವೇಗ ವ್ಯತ್ಯಾಸವೂ ಕಾಣುತ್ತದೆ. ಗಂಟೆಗೆ ಹತ್ತಾರು ಸಾವಿರ ಕಿ.ಮೀ. ಓಡುತ್ತಿರುವ ವಸ್ತುವಿನಲ್ಲಿ, ನೆನಪಿರಲಿ.

ಬಿಎಸ್ಸಿ_ಭೌತ

ಸರ್, ಹೋಗಿ ಬರುವ ಅಲೆ ಅಂದಿರಿ. ಪ್ಲೂಟೊ ಬಳಿ ಇದ್ದರೆ ಹೋಗಲು ನಾಲ್ಕೂವರೆ ಗಂಟೆ, ಬರಲು ನಾಲ್ಕೂವರೆ ಗಂಟೆ. ಅಷ್ಟರಲ್ಲಿ ಭೂಮಿ ತಿರುಗಿ ಕಳಿಸಿದ ಡಿಶ್ ಬೇರೆ ಕಡೆ ಹೋಗಿರುವುದಿಲ್ಲವೇ?

ರೇಡಿಯೊಪ್ರಿಯ

ಹೋಗಿರುತ್ತದೆ. ಆಗ ಇನ್ನೊಂದು ಖಂಡದ ಡಿಶ್ ಕೇಳಿಸಿಕೊಳ್ಳುತ್ತದೆ. ನಾಸಾದ ಡೀಪ್ ಸ್ಪೇಸ್ ನೆಟ್‌ವರ್ಕ್‌ನ ಮೂರು ನೆಲೆಗಳು (ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್ ಹತ್ತಿರ, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರ) ಸರಿಸುಮಾರು 120 ಡಿಗ್ರಿ ಅಂತರದಲ್ಲಿರುವುದು ಅದಕ್ಕೇ. ಒಬ್ಬರ ದಿಗಂತದಲ್ಲಿ ನೌಕೆ ಮುಳುಗುವ ಮೊದಲೇ ಇನ್ನೊಬ್ಬರಿಗೆ ಹುಟ್ಟಿರುತ್ತದೆ. ಒಂದು ನೆಲೆ ಕಳಿಸಿ ಇನ್ನೊಂದು ಹಿಡಿದರೆ ಅದಕ್ಕೆ 'ತ್ರೀ-ವೇ' ಅನ್ನುತ್ತಾರೆ. ಆಗ ಎರಡೂ ನೆಲೆಗಳ ಗಡಿಯಾರಗಳ ನಡುವಿನ ವ್ಯತ್ಯಾಸವೂ ಗೊತ್ತಿರಬೇಕು.

ಯುರೋಪಿನವರಿಗೆ ನ್ಯೂ ನಾರ್ಸಿಯಾ, ಸೆಬ್ರೆರೋಸ್, ಮಲಾರ್ಗ್ವೆಯಲ್ಲಿ 35 ಮೀಟರ್ ಡಿಶ್‌ಗಳಿವೆ. ಇಸ್ರೋದ 32 ಮೀಟರ್ ಮತ್ತು 18 ಮೀಟರ್ ಡಿಶ್‌ಗಳು ಬ್ಯಾಲಾಳುವಿನಲ್ಲಿವೆ, ಚಂದ್ರಯಾನ-1ಕ್ಕಾಗಿ ಕಟ್ಟಿದ್ದು. ಮಂಗಳಯಾನಕ್ಕೆ ಇವುಗಳ ಜೊತೆ ನಾಸಾದ ನೆಲೆಗಳೂ ಕೈಜೋಡಿಸಿದ್ದವು. ಭೂಮಿಯ ಒಂದೇ ಕಡೆ ಇರುವ ಡಿಶ್‌ಗೆ ದಿನದ ಬಹುಪಾಲು ನೌಕೆ ಕಾಣುವುದೇ ಇಲ್ಲ.

ಕಕ್ಷೆಲೆಕ್ಕ

ಎರಡನೇ ಕಂತು, ದೂರ. ಕಳಿಸುವ ಅಲೆಯ ಮೇಲೆ ಒಂದು ಗುರುತಿನ ಸಂಕೇತವನ್ನು ಕೂರಿಸುತ್ತಾರೆ. ನೌಕೆ ಅದನ್ನು ತಿರುಗಿಸಿ ಕಳಿಸುತ್ತದೆ. ಹೋಗಿಬರಲು ಹಿಡಿದ ಸಮಯದಿಂದ ದೂರ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂ.ಮೀ. ಸಾಗುತ್ತದೆ, ಹಾಗಾಗಿ ಕೆಲವೇ ನ್ಯಾನೊಸೆಕೆಂಡುಗಳವರೆಗೆ ಸಮಯ ಅಳೆದರೆ ಕೋಟ್ಯಂತರ ಕಿ.ಮೀ. ದೂರ ಮೀಟರುಗಳ ಲೆಕ್ಕದಲ್ಲಿ ಸಿಗುತ್ತದೆ. ಆದರೆ ಎಲ್ಲ ಉಪಕರಣಗಳೂ ತಮ್ಮದೇ ವಿಳಂಬ ಸೇರಿಸುತ್ತವೆ. ಡಿಶ್‌ನ ಕೇಬಲ್‌ನಲ್ಲಿ ಎಷ್ಟು, ಟ್ರಾನ್ಸ್‌ಪಾಂಡರ್ ಒಳಗೆ ಎಷ್ಟು ಅಂತ ಉಡಾವಣೆಗೆ ಮೊದಲೇ ಅಳೆದಿಟ್ಟುಕೊಂಡಿರುತ್ತಾರೆ.

ಮಿನುಗುತಾರೆ

ಇಬ್ಬರಿಗೂ ಧನ್ಯವಾದ. ಈಗ ವೇಗ ಬಂತು, ದೂರ ಬಂತು. ಎರಡೂ ನಮ್ಮ ದೃಷ್ಟಿರೇಖೆಯ ಉದ್ದಕ್ಕೆ. ಅಡ್ಡ ದಿಕ್ಕಿನದು ಇನ್ನೂ ಬಾಕಿ ಇದೆ, ನಾನು ಬಿಡುವುದಿಲ್ಲ!

ಕಕ್ಷೆಲೆಕ್ಕ

ಬಿಡಬೇಡಿ, ಈ ವಿದ್ಯೆಯ ಹೃದಯವೇ ಅಲ್ಲಿರುವುದು.

ಗೋಲ್ಡ್‌ಸ್ಟೋನ್ ಇರುವ ಅಕ್ಷಾಂಶದಲ್ಲಿ ಭೂಮಿಯ ತಿರುಗುವಿಕೆ ಡಿಶ್ಶನ್ನು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊತ್ತೊಯ್ಯುತ್ತದೆ. ನೌಕೆ ಪೂರ್ವದಲ್ಲಿ ಹುಟ್ಟುವಾಗ ಡಿಶ್ ಅದರ ಕಡೆ ಧಾವಿಸುತ್ತಿರುತ್ತದೆ, ಪಶ್ಚಿಮದಲ್ಲಿ ಮುಳುಗುವಾಗ ಅದರಿಂದ ದೂರ ಓಡುತ್ತಿರುತ್ತದೆ. ಆದ್ದರಿಂದ ದಿನವಿಡೀ ಅಳೆದ ಡಾಪ್ಲರ್ ಒಂದು ಏರಿಳಿತದ ರೇಖೆಯಾಗಿ ಬರುತ್ತದೆ. ಈ ರೇಖೆಯ ನಡುಬಿಂದು ಯಾವ ಕ್ಷಣದಲ್ಲಿ ಬಂತು ಅನ್ನುವುದು ನೌಕೆ ಆಕಾಶದಲ್ಲಿ ಪೂರ್ವ–ಪಶ್ಚಿಮವಾಗಿ ಎಲ್ಲಿದೆ ಎಂದು ಹೇಳುತ್ತದೆ. ರೇಖೆ ಎಷ್ಟು ಎತ್ತರಕ್ಕೆ ಏರಿತು ಅನ್ನುವುದು ಖಗೋಳದ ಸಮಭಾಜಕದಿಂದ (ಭೂಮಿಯ ಸಮಭಾಜಕವನ್ನು ಆಕಾಶಕ್ಕೆ ಚಾಚಿದ ವೃತ್ತದಿಂದ) ಅದು ಎಷ್ಟು ದೂರ ಎಂದು ಹೇಳುತ್ತದೆ. ಧ್ರುವದ ದಿಕ್ಕಿನಲ್ಲಿದ್ದರೆ ಏರಿಳಿತ ಸೊನ್ನೆ, ಸಮಭಾಜಕದ ಮೇಲಿದ್ದರೆ ಗರಿಷ್ಠ. ಅಂದರೆ ಒಂದೇ ಡಿಶ್, ಒಂದೇ ದಿನ, ಬರೀ ಕಂಪನಾಂಕ. ಅದರಲ್ಲೇ ದಿಕ್ಕೂ ಅಡಗಿದೆ! ಭೂಮಿಯ ತಿರುಗುವಿಕೆಯೇ ಇಲ್ಲಿ ಉಪಕರಣ.

ಇದಕ್ಕೊಂದು ಕುರುಡು ಜಾಗವಿದೆ. ಏರಿಳಿತದ ಎತ್ತರ ಸಮಭಾಜಕದಿಂದ ನೌಕೆ ಇರುವ ಕೋನದ ಕೊಸೈನ್‌ಗೆ ತಕ್ಕಂತೆ ಬದಲಾಗುತ್ತದೆ, ಮತ್ತು ಸೊನ್ನೆ ಡಿಗ್ರಿಯ ಸುತ್ತ ಕೊಸೈನ್ ಹೆಚ್ಚುಕಡಿಮೆ ಚಪ್ಪಟೆ. ನೌಕೆ ಸಮಭಾಜಕದ ಹತ್ತಿರ ಇದ್ದಾಗ ಉತ್ತರ–ದಕ್ಷಿಣದ ಮಾಹಿತಿ ಡಾಪ್ಲರ್‌ನಿಂದ ಸರಿಯಾಗಿ ಬರುವುದೇ ಇಲ್ಲ. ಗ್ರಹಗಳೆಲ್ಲ ಆ ಪಟ್ಟಿಯನ್ನು ಆಗಾಗ ದಾಟುತ್ತಲೇ ಇರುತ್ತವಲ್ಲ, ಹಾಗಾಗಿ ಇದು ಅಪರೂಪದ ತೊಂದರೆ ಏನಲ್ಲ.

ಅಲ್ಲಿ ನೆರವಿಗೆ ಬರುವುದು ಕ್ವೇಸಾರ್‌ಗಳು, ಅಂದರೆ ಬಹಳ ದೂರದ ಗ್ಯಾಲಕ್ಸಿಗಳ ಪ್ರಖರ ಕೇಂದ್ರಗಳು. ಎರಡು ಖಂಡಗಳ ಎರಡು ಡಿಶ್‌ಗಳು ಒಂದೇ ಹೊತ್ತಿಗೆ ನೌಕೆಯನ್ನು ಕೇಳುತ್ತವೆ. ಒಂದಕ್ಕೆ ಅಲೆ ಸ್ವಲ್ಪ ಮೊದಲು, ಇನ್ನೊಂದಕ್ಕೆ ಸ್ವಲ್ಪ ತಡವಾಗಿ ತಲುಪುತ್ತದೆ. ಆ ಸಮಯದ ಅಂತರವೇ ಕೋನ. ಆದರೆ ಎರಡು ಗಡಿಯಾರಗಳ ಹೊಂದಾಣಿಕೆ, ಗಾಳಿ, ಕೇಬಲ್ ಎಲ್ಲದರ ದೋಷವೂ ಅದರಲ್ಲಿ ಬೆರೆತಿರುತ್ತದೆ. ಅದಕ್ಕಾಗಿ ಕೆಲವು ನಿಮಿಷ ನೌಕೆ ಕೇಳಿ, ಎರಡೂ ಡಿಶ್‌ಗಳನ್ನು ಆಕಾಶದಲ್ಲಿ ಹತ್ತಿರವೇ ಇರುವ ಕ್ವೇಸಾರ್ ಕಡೆ ತಿರುಗಿಸಿ, ಮತ್ತೆ ನೌಕೆಗೆ ಮರಳುತ್ತಾರೆ. ಕ್ವೇಸಾರ್ ನೂರಾರು ಕೋಟಿ ಜ್ಯೋತಿರ್ವರ್ಷ ದೂರ, ಅದರ ಜಾಗ ಅಲುಗಾಡುವುದಿಲ್ಲ. ಎರಡೂ ಅಳತೆಗಳನ್ನು ಕಳೆದರೆ ಇಬ್ಬರಿಗೂ ಸಮಾನವಾಗಿದ್ದ ದೋಷಗಳು ಮಾಯ. 'ಡೆಲ್ಟಾ-ಡಿಓಆರ್' ಎಂದು ಇದರ ಹೆಸರು. ಸಿಗುವ ನಿಖರತೆ ಒಂದೆರಡು ನ್ಯಾನೊರೇಡಿಯನ್. ಒಂದು ನ್ಯಾನೊರೇಡಿಯನ್ ಅಂದರೆ ಸೂರ್ಯ–ಭೂಮಿಯಷ್ಟು ದೂರದಲ್ಲಿ 150 ಮೀಟರ್. ಮೊದಲು ಹೇಳಿದ 75,000 ಕಿ.ಮೀ. ಜೊತೆ ಹೋಲಿಸಿ ನೋಡಿ.

ಹಳೆಯ_ಓದುಗ

ಅಡ್ಡ ದಿಕ್ಕು ಕೈಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಸಾಕ್ಷಿ. 1999ರ ಸೆಪ್ಟೆಂಬರ್ 23. ಮಂಗಳದ ಮೇಲ್ಮೈಯಿಂದ 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದ ನೌಕೆ 57 ಕಿ.ಮೀ.ಗೆ ಇಳಿದು ವಾತಾವರಣಕ್ಕೆ ಸಿಕ್ಕಿ ನಾಶವಾಯಿತು.

ಬಿಎಸ್ಸಿ_ಭೌತ

ಅದು ಪೌಂಡ್ ಮತ್ತು ನ್ಯೂಟನ್ ಗೊಂದಲ ಅಲ್ಲವೇ ಸರ್? ಯೂನಿಟ್ ತಪ್ಪು ಅಂತ ನಮ್ಮ ಪಾಠದಲ್ಲೇ ಇದೆ. ನ್ಯಾವಿಗೇಶನ್ ತಪ್ಪು ಹೇಗಾಗುತ್ತದೆ?

ಹಳೆಯ_ಓದುಗ

ಯೂನಿಟ್ ತಪ್ಪು ಬೀಜ, ನಿಜ. ಥ್ರಸ್ಟರ್‌ಗಳ (ನೌಕೆಯ ಪುಟ್ಟ ರಾಕೆಟ್‌ಗಳ) ಆವೇಗವನ್ನು ನೆಲದ ಒಂದು ಸಾಫ್ಟ್‌ವೇರ್ ಪೌಂಡ್-ಸೆಕೆಂಡಿನಲ್ಲಿ ಕೊಟ್ಟಿತು, ಪಥದ ಲೆಕ್ಕದವರು ಅದನ್ನು ನ್ಯೂಟನ್-ಸೆಕೆಂಡ್ ಎಂದು ತೆಗೆದುಕೊಂಡರು. 4.45 ಪಟ್ಟು ವ್ಯತ್ಯಾಸ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಪಾಠದ ಅರ್ಧ ಮಾತ್ರ ಕಲಿತಂತೆ.

ಆ ನೌಕೆಯ ಸೌರಫಲಕ ಒಂದೇ ಬದಿಗಿತ್ತು. ಬಿಸಿಲಿನ ಒತ್ತಡ ಅದನ್ನು ತಿರುಚುತ್ತಲೇ ಇತ್ತು. ಒಳಗಿನ ಚಕ್ರಗಳು ಆ ತಿರುಚನ್ನು ಹೀರಿಕೊಂಡು ವೇಗ ಏರಿಸಿಕೊಳ್ಳುತ್ತಿದ್ದವು, ಅವುಗಳನ್ನು ತಗ್ಗಿಸಲು ಥ್ರಸ್ಟರ್ ಉರಿಸಬೇಕಿತ್ತು. ಅಂದುಕೊಂಡಿದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಸಲ. ಒಂದೊಂದು ಉರಿಯೂ ಅತಿ ಸಣ್ಣ ತಳ್ಳು. ಆ ತಳ್ಳುಗಳ ಬಹುಭಾಗ ಭೂಮಿಯಿಂದ ನೋಡುವ ರೇಖೆಗೆ ಅಡ್ಡಲಾಗಿತ್ತು. ಡಾಪ್ಲರ್‌ಗೆ ಕಾಣದ ದಿಕ್ಕು ಅದೇ! ನೇರವಾಗಿದ್ದಿದ್ದರೆ ತಪ್ಪು ಕೆಲವೇ ದಿನಗಳಲ್ಲಿ ಎದ್ದು ಕಾಣುತ್ತಿತ್ತು. ಲೆಕ್ಕ ಸರಿಹೊಂದುತ್ತಿಲ್ಲ ಅಂತ ನ್ಯಾವಿಗೇಶನ್‌ನವರಿಗೆ ಅನಿಸಿತ್ತು, ಕೊನೆಯ ದಿನಗಳಲ್ಲಿ ಇನ್ನೊಂದು ಪಥ ತಿದ್ದುಪಡಿಯ ಮಾತೂ ಬಂದಿತ್ತು. ಅದು ನಡೆಯಲಿಲ್ಲ. ಅನುಮಾನ ಬಂದವರ ಮಾತಿಗೆ ಆ ಹೊತ್ತಿನಲ್ಲಿ ಕಿವಿಗೊಡುವ ವ್ಯವಸ್ಥೆ ಇರಲಿಲ್ಲ ಎನ್ನುವುದು ನನಗೆ ಇವತ್ತಿಗೂ ನೋವು ತರುವ ವಿಷಯ.

ಕಕ್ಷೆಲೆಕ್ಕ

ಇದನ್ನು ಪೂರ್ತಿ ಒಪ್ಪುತ್ತೇನೆ. ಆ ನೌಕೆಗೆ ಡೆಲ್ಟಾ-ಡಿಓಆರ್ ಅಳತೆ ಇರಲಿಲ್ಲ. ಆಮೇಲೆ ಮಂಗಳಕ್ಕೆ ಹೋದ 2001ರ ಒಡಿಸ್ಸಿಗೆ ಅದನ್ನು ಮತ್ತೆ ಬಳಕೆಗೆ ತಂದರು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಗೆಯ ಅಳತೆಗಳು ಇರಲೇಬೇಕು. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿಯುತ್ತದೆ.

ಗಗನಗಡಿಯಾರ

ಇಷ್ಟು ಹೊತ್ತು ಎಲ್ಲರೂ ನೌಕೆಯ ಕಡೆಯೇ ನೋಡುತ್ತಿದ್ದೀರಿ. ನಾನು ಕೆಳಗೆ ನೋಡಿ ಅನ್ನುತ್ತೇನೆ. ನೌಕೆ ಎಲ್ಲಿದೆ ಎಂದು ಹೇಳಬೇಕಾದರೆ ಮೊದಲು ನಮ್ಮ ಡಿಶ್ ಎಲ್ಲಿದೆ ಎಂದು ಗೊತ್ತಿರಬೇಕು. ಅದು ಅಂದುಕೊಂಡಷ್ಟು ಸುಲಭವಲ್ಲ.

ಭೂಮಿ ಒಂದೇ ಸಮನೆ ತಿರುಗುವುದಿಲ್ಲ. ಗಾಳಿ, ಸಾಗರ, ಭೂಗರ್ಭದ ದ್ರವ ಎಲ್ಲವೂ ಅದನ್ನು ಮಿಲಿಸೆಕೆಂಡುಗಳಷ್ಟು ಹಿಂದೆ ಮುಂದೆ ಎಳೆಯುತ್ತವೆ. ಆ ಒಂದು ಮಿಲಿಸೆಕೆಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸಮಭಾಜಕದ ಮೇಲಿನ ಡಿಶ್ 46 ಸೆಂ.ಮೀ. ಅತ್ತ ಇರುತ್ತದೆ. ಅಷ್ಟೇನಾ ಅನಿಸಬಹುದು. ಕೋನದಲ್ಲಿ ಅದು 73 ನ್ಯಾನೊರೇಡಿಯನ್, ಸೂರ್ಯ–ಭೂಮಿಯಷ್ಟು ದೂರದಲ್ಲಿ 11 ಕಿ.ಮೀ. ತಪ್ಪು! ಇದಲ್ಲದೆ ಭೂಮಿಯ ಅಕ್ಷ ನೆಲದ ಮೇಲೆ ಮೀಟರುಗಳಷ್ಟು ಅಲೆದಾಡುತ್ತದೆ. ಚಂದ್ರನ ಸೆಳೆತಕ್ಕೆ ಸಮುದ್ರ ಮಾತ್ರವಲ್ಲ, ಗಟ್ಟಿ ನೆಲವೂ ದಿನಕ್ಕೆ ಹತ್ತಾರು ಸೆಂ.ಮೀ. ಉಬ್ಬಿ ತಗ್ಗುತ್ತದೆ. ಆಸ್ಟ್ರೇಲಿಯಾ ಖಂಡ ವರ್ಷಕ್ಕೆ ಸುಮಾರು 7 ಸೆಂ.ಮೀ. ಜರುಗುತ್ತದೆ, ಕ್ಯಾನ್‌ಬೆರಾದ ಡಿಶ್ ಕೂಡ ಅದರ ಜೊತೆಗೇ.

ಆಮೇಲೆ ಗಾಳಿ. ನೆತ್ತಿಯ ನೇರಕ್ಕೆ ನೋಡಿದರೂ ವಾತಾವರಣ ಅಲೆಯನ್ನು ಎರಡು ಮೀಟರಿಗೂ ಹೆಚ್ಚು ದೂರದಷ್ಟು ತಡಮಾಡುತ್ತದೆ. ದಿಗಂತದ ಕಡೆ ಬಾಗಿದಂತೆ ಅದು ಹಲವು ಪಟ್ಟು ಬೆಳೆಯುತ್ತದೆ. ಅದರಲ್ಲಿ ನೀರಾವಿಯ ಪಾಲು ಸಣ್ಣದು, ಆದರೆ ಗಂಟೆಗಂಟೆಗೂ ಬದಲಾಗುತ್ತದೆ, ಹಾಗಾಗಿ ಅತಿ ಹೆಚ್ಚು ಕಾಟ ಕೊಡುವುದು ಅದೇ. ಮೇಲಿನ ಅಯಾನುಗೋಳ ಬೇರೆ. ಇವನ್ನು ಅಳೆಯಲು ಡಿಶ್ ಪಕ್ಕದಲ್ಲೇ ಜಿಪಿಎಸ್ ರಿಸೀವರ್ ಇಟ್ಟಿರುತ್ತಾರೆ. ಮಿನುಗುತಾರೆ ಅವರೇ, ನೌಕೆಗೆ ಜಿಪಿಎಸ್ ಇಲ್ಲ ಅಂದಿರಲ್ಲ, ಡಿಶ್‌ಗೆ ಇದೆ!

ಸೂರ್ಯನ ಹತ್ತಿರ ಹಾಯುವ ಅಲೆಗೆ ಇನ್ನೊಂದು ತೊಡಕು. ಸೂರ್ಯನ ಗುರುತ್ವವೇ ಅಲೆಯನ್ನು ತಡಮಾಡುತ್ತದೆ. ಐನ್‌ಸ್ಟೈನ್ ಸಮೀಕರಣಗಳಿಲ್ಲದೆ ಈ ಲೆಕ್ಕ ಮುಗಿಯುವುದೇ ಇಲ್ಲ. 2002ರಲ್ಲಿ ಕ್ಯಾಸಿನಿ ನೌಕೆ ಸೂರ್ಯನ ಹಿಂಬದಿಗೆ ಸರಿದಾಗ ಇದನ್ನೇ ತಿರುಗಿಸಿ, ಸಾಪೇಕ್ಷತಾ ಸಿದ್ಧಾಂತವನ್ನು ಬಹಳ ಬಿಗಿಯಾಗಿ ಪರೀಕ್ಷಿಸಿದರು.

ಮಿನುಗುತಾರೆ

ಅಬ್ಬಾ. ನಾನು ಡಿಶ್ ಅಂದರೆ ನೆಲಕ್ಕೆ ಬೋಲ್ಟ್ ಹಾಕಿದ ಸ್ಥಿರ ವಸ್ತು ಅಂತ ಅಂದುಕೊಂಡಿದ್ದೆ. ಸರಿ, ಇಷ್ಟೆಲ್ಲ ಅಳತೆಗಳಿಂದ ಕೊನೆಗೆ "ನೌಕೆ ಇಲ್ಲಿದೆ" ಎಂಬ ಉತ್ತರ ಹೊರಡುವುದು ಹೇಗೆ?

ಕಕ್ಷೆಲೆಕ್ಕ

ನೌಕೆಯ ಜಾಗವನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಮೊದಲು ಊಹಿಸುತ್ತಾರೆ. ಜಾಗಕ್ಕೆ ಮೂರು, ವೇಗಕ್ಕೆ ಮೂರು, ಒಟ್ಟು ಆರು ಸಂಖ್ಯೆ. ಸೂರ್ಯ, ಗ್ರಹಗಳು, ಉಪಗ್ರಹಗಳ ಸೆಳೆತ, ಬಿಸಿಲಿನ ಒತ್ತಡ, ಥ್ರಸ್ಟರ್ ಉರಿ ಎಲ್ಲ ಸೇರಿಸಿ ಆ ಊಹೆಯನ್ನು ಕಂಪ್ಯೂಟರ್‌ನಲ್ಲಿ ಮುಂದಕ್ಕೆ ಓಡಿಸುತ್ತಾರೆ. "ಹಾಗಿದ್ದರೆ ಇಂಥ ದಿನ ಇಂಥ ಡಿಶ್‌ಗೆ ಇಷ್ಟು ಕಂಪನಾಂಕ ಬರಬೇಕಿತ್ತು" ಎಂದು ಲೆಕ್ಕ ಹಾಕುತ್ತಾರೆ. ನಿಜವಾಗಿ ಬಂದದ್ದರಿಂದ ಅದನ್ನು ಕಳೆದರೆ ಉಳಿಯುವುದು ರೆಸಿಡ್ಯುಯಲ್, ಅಂದರೆ ಉಳಿಕೆ. ವಾರಗಟ್ಟಲೆ ಸಂಗ್ರಹಿಸಿದ ಸಾವಿರಾರು ಅಳತೆಗಳ ಉಳಿಕೆಗಳ ವರ್ಗಗಳ ಮೊತ್ತ ಕನಿಷ್ಠ ಆಗುವವರೆಗೂ ಊಹೆಯನ್ನು ತಿದ್ದುತ್ತಾರೆ. 1801ರ ಜನವರಿ 1ರಂದು ಕಂಡು, ಕೆಲವೇ ವಾರಗಳಲ್ಲಿ ಸೂರ್ಯನ ಬೆಳಕಿನಲ್ಲಿ ಮರೆಯಾದ ಸಿರೀಸ್ ಎಂಬ ಕುಬ್ಜಗ್ರಹ ಎಲ್ಲಿ ಮತ್ತೆ ಕಾಣಿಸೀತು ಎಂದು ಗಣಿತಜ್ಞ ಗೌಸ್ ಲೆಕ್ಕ ಹಾಕಿ ಹೇಳಿದ್ದನಲ್ಲ, ಇದು ಅದೇ ವಂಶದ ಲೆಕ್ಕ.

ಉಳಿಕೆಗಳು ಸೊನ್ನೆಯ ಸುತ್ತ ಮರಳು ಚೆಲ್ಲಿದ ಹಾಗೆ ಚದುರಿದ್ದರೆ ಎಲ್ಲ ಸರಿ. ಅವುಗಳಲ್ಲಿ ಏರೋ, ಇಳಿತವೋ, ದಿನಕ್ಕೊಂದು ಅಲೆಯೋ ಕಂಡರೆ ನಾವು ಮರೆತ ಯಾವುದೋ ಬಲ ಅಲ್ಲಿದೆ ಅಂತ ಅರ್ಥ. ಎಷ್ಟು ಸಣ್ಣ ಬಲವೂ ಲೆಕ್ಕಕ್ಕೆ ಬರುತ್ತದೆ ನೋಡಿ: 1,000 ಕೆ.ಜಿ. ನೌಕೆ, 10 ಚದರ ಮೀಟರ್ ಫಲಕ, ಭೂಮಿಯಷ್ಟೇ ದೂರದಲ್ಲಿ. ಬಿದ್ದ ಬಿಸಿಲೆಲ್ಲ ಹೀರಿಕೊಂಡಿತು ಅಂದುಕೊಂಡರೆ, ಬರೀ ಆ ಬೆಳಕಿನ ತಳ್ಳಿನಿಂದ ಒಂದು ತಿಂಗಳಲ್ಲಿ ನೌಕೆ ಸುಮಾರು 150 ಕಿ.ಮೀ. ಸರಿದಿರುತ್ತದೆ.

ಹಳೆಯ_ಓದುಗ

ಉಳಿಕೆಯ ಮಾತು ಬಂದಮೇಲೆ ಪಯೋನಿಯರ್ ಹೇಳದೇ ಇರಲು ಆಗದು. 1972 ಮತ್ತು 1973ರಲ್ಲಿ ಹೊರಟ ಪಯೋನಿಯರ್ 10 ಮತ್ತು 11 ಹೊರ ಸೌರಮಂಡಲದಲ್ಲಿ ಲೆಕ್ಕಕ್ಕಿಂತ ಕೂದಲೆಳೆಯಷ್ಟು ಹೆಚ್ಚು ನಿಧಾನವಾಗುತ್ತಿದ್ದವು. ಸೂರ್ಯನ ಕಡೆಗೆ ಯಾವುದೋ ಎಳೆತ. ಪ್ರಮಾಣ ಸೆಕೆಂಡ್ ವರ್ಗಕ್ಕೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ವರ್ಷದ ಕೊನೆಗೆ ಅದು 400 ಕಿ.ಮೀ.ಗೂ ಹೆಚ್ಚಿನ ವ್ಯತ್ಯಾಸವಾಗಿ ಕೂರುತ್ತದೆ. ಹೊಸ ಭೌತಶಾಸ್ತ್ರವೇ ಬೇಕೇನೋ ಅಂತ ವರ್ಷಗಟ್ಟಲೆ ಚರ್ಚೆ ನಡೆಯಿತು.

ಹಳೆಯ ದಾಖಲೆಗಳನ್ನು ಹುಡುಕಿ ತೆಗೆದು, ನೌಕೆಯ ಒಳಗಿನ ತಾಪಮಾನಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ 2012ರಲ್ಲಿ ಉತ್ತರ ಕೊಟ್ಟರು. ಪರಮಾಣು ಬ್ಯಾಟರಿ ಮತ್ತು ಉಪಕರಣಗಳ ಶಾಖ ಎಲ್ಲ ದಿಕ್ಕಿಗೂ ಸಮವಾಗಿ ಹೊರಹೋಗುತ್ತಿರಲಿಲ್ಲ. ಒಂದು ಕಡೆ ಹೆಚ್ಚು ಹೋದ ಶಾಖವೇ ಇನ್ನೊಂದು ಕಡೆಗೆ ತಳ್ಳುತ್ತಿತ್ತು. ಪಯೋನಿಯರ್‌ಗಳು ಬುಗುರಿಯ ರೀತಿ ತಿರುಗುತ್ತಾ ಸ್ಥಿರವಾಗಿದ್ದವು, ಥ್ರಸ್ಟರ್ ಉರಿಸುವ ಅಗತ್ಯ ಅಪರೂಪ. ಅದರಿಂದಲೇ ಇಷ್ಟು ಸೂಕ್ಷ್ಮ ಬಲ ಕಣ್ಣಿಗೆ ಬಿತ್ತು. ಆಗಾಗ ಥ್ರಸ್ಟರ್ ಉರಿಸುವ ವಾಯೇಜರ್‌ಗಳಲ್ಲಿ ಇದು ಕಾಣುತ್ತಲೇ ಇರಲಿಲ್ಲ.

ಬಿಎಸ್ಸಿ_ಭೌತ

ಒಂದು ಅನುಮಾನ. ನೌಕೆಯ ಜಾಗ ಕರಾರುವಾಕ್ಕಾಗಿ ಗೊತ್ತಿದ್ದರೂ, ತಲುಪಬೇಕಾದ ಗ್ರಹದ ಜಾಗವೇ ಸರಿಯಾಗಿ ಗೊತ್ತಿಲ್ಲದಿದ್ದರೆ?

ಕಕ್ಷೆಲೆಕ್ಕ

ಸರಿಯಾದ ಜಾಗಕ್ಕೇ ಕೈಹಾಕಿದ್ದೀರಿ. ಪ್ಲೂಟೊ ಪತ್ತೆಯಾದದ್ದು 1930ರಲ್ಲಿ. ಒಂದು ಸುತ್ತಿಗೆ ಅದಕ್ಕೆ 248 ವರ್ಷ ಬೇಕು. ಅಂದರೆ ಅದು ಒಂದು ಸುತ್ತು ಮುಗಿಸಿದ್ದನ್ನು ಯಾರೂ ನೋಡಿಲ್ಲ. ಅಂಥಲ್ಲಿ ನೌಕೆಯ ಕ್ಯಾಮರಾವೇ ದಾರಿ ತೋರಬೇಕು. ಗುರಿಯನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಮತ್ತೆ ಮತ್ತೆ ಚಿತ್ರ ತೆಗೆಯುತ್ತಾರೆ. ನಕ್ಷತ್ರಗಳ ಜಾಗ ನಿಖರವಾಗಿ ಗೊತ್ತು, ಹಾಗಾಗಿ ಗುರಿ ಯಾವ ದಿಕ್ಕಿನಲ್ಲಿದೆ ಎಂದು ತಿಳಿಯುತ್ತದೆ. ಹತ್ತಿರವಾದಷ್ಟೂ ಅಳತೆ ಚುರುಕಾಗುತ್ತದೆ. ರೇಡಿಯೊ ಅಳತೆ ಹೇಳುವುದು ಭೂಮಿಗೆ ಹೋಲಿಸಿದ ಜಾಗ, ಕ್ಯಾಮರಾ ಹೇಳುವುದು ಗುರಿಗೆ ಹೋಲಿಸಿದ ಜಾಗ. ಎರಡೂ ಬೇಕು.

2019ರ ಜನವರಿ 1ರಂದು ನ್ಯೂ ಹೊರೈಜನ್ಸ್ 3,500 ಕಿ.ಮೀ. ದೂರದಲ್ಲಿ ಹಾದ ಆರೊಕಾತ್‌ನ ಕಥೆ ಇನ್ನೂ ರೋಚಕ. ಆ ಕಲ್ಲು ಪತ್ತೆಯಾದದ್ದೇ 2014ರಲ್ಲಿ, ನೌಕೆ ಹೊರಟು ಎಂಟು ವರ್ಷದ ಮೇಲೆ, ಹಬಲ್ ಕಣ್ಣಿಗೆ. ಅದರ ಕಕ್ಷೆಯನ್ನು ಬಿಗಿ ಮಾಡಲು ಗಯಾ ದೂರದರ್ಶಕದ ನಕ್ಷತ್ರ ಪಟ್ಟಿ ಬಳಸಿದರು. 2017ರ ಜುಲೈ 17ರಂದು ಅದು ಒಂದು ನಕ್ಷತ್ರವನ್ನು ಮರೆಮಾಡುವ ಕ್ಷಣವನ್ನು ಅರ್ಜೆಂಟೀನಾದ ಬಯಲಿನಲ್ಲಿ ದೂರದರ್ಶಕಗಳನ್ನು ಸಾಲಾಗಿ ಇಟ್ಟು ಹಿಡಿದರು.

ಗಗನಗಡಿಯಾರ

ಈ ದಾರಿ ತೋರುವ ಚಿತ್ರಗಳಿಂದಲೇ ಒಂದು ದೊಡ್ಡ ಆವಿಷ್ಕಾರ ಆಗಿದೆ. 1979ರ ಮಾರ್ಚ್‌ನಲ್ಲಿ ವಾಯೇಜರ್-1 ಗುರುವನ್ನು ದಾಟಿದ ಮೂರು ದಿನಕ್ಕೆ, ಹಿಂದಿರುಗಿ ನೋಡಿ ಅಯೋ ಉಪಗ್ರಹದ ಚಿತ್ರ ತೆಗೆಯಿತು. ಉದ್ದೇಶ ಹಿನ್ನೆಲೆಯ ಮಸುಕು ನಕ್ಷತ್ರಗಳನ್ನು ಹುಡುಕುವುದಷ್ಟೇ. ನ್ಯಾವಿಗೇಶನ್ ತಂಡದ ಲಿಂಡಾ ಮೊರಾಬಿಟೊ ಚಿತ್ರದ ಹೊಳಪು ಹೆಚ್ಚಿಸಿ ನೋಡಿದಾಗ ಅಯೋದ ಅಂಚಿನಲ್ಲಿ ಕೊಡೆಯಂತೆ ಎದ್ದ ಮೋಡ ಕಂಡಿತು. ಭೂಮಿಯ ಹೊರಗೆ ಉರಿಯುತ್ತಿರುವ ಜ್ವಾಲಾಮುಖಿ, ಮನುಷ್ಯರಿಗೆ ಮೊದಲ ಸಲ!

ಮಿನುಗುತಾರೆ

ಇದು ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಕೇಳಿಬಿಡುತ್ತೇನೆ. ನೌಕೆ ತನ್ನ ಆಂಟೆನಾವನ್ನು ಭೂಮಿಯ ಕಡೆಗೇ ಹಿಡಿದಿರಬೇಕಲ್ಲ. ಭೂಮಿ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತು?

ರೇಡಿಯೊಪ್ರಿಯ

ಅದು ಬೇರೆಯೇ ಲೆಕ್ಕ. ನೌಕೆ ಎಲ್ಲಿದೆ ಅನ್ನುವುದು ಭೂಮಿಯಲ್ಲಿ ತಿಳಿಯುತ್ತದೆ, ಯಾವ ಕಡೆ ಮುಖ ಮಾಡಿದೆ ಅನ್ನುವುದನ್ನು ನೌಕೆ ಸ್ವತಃ ನೋಡಿಕೊಳ್ಳುತ್ತದೆ. ಸೂರ್ಯನನ್ನು ಹಿಡಿಯಲು ಒಂದು ಸೆನ್ಸರ್, ನಕ್ಷತ್ರ ಹಿಡಿಯಲು ಇನ್ನೊಂದು. ಮ್ಯಾರಿನರ್-4 1964ರಲ್ಲೇ ನಮ್ಮ ಅಗಸ್ತ್ಯ ನಕ್ಷತ್ರವನ್ನು ಗುರುತಾಗಿಟ್ಟುಕೊಂಡು ಮಂಗಳಕ್ಕೆ ಹೋಯಿತು. ಬಹಳ ಪ್ರಕಾಶಮಾನ, ಮತ್ತು ಸೂರ್ಯನ ದಾರಿಯಿಂದ ಬಹಳ ದೂರದಲ್ಲಿದೆ. ಎರಡೂ ಗುಣ ಒಂದೇ ನಕ್ಷತ್ರದಲ್ಲಿ ಸಿಕ್ಕುವುದು ಅದೃಷ್ಟ.

ಮುಖ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ 2023ರ ಜುಲೈ 21 ನೋಡಿ. ತಪ್ಪು ಆದೇಶವೊಂದು ಹೋಗಿ ವಾಯೇಜರ್-2ರ ಆಂಟೆನಾ ಭೂಮಿಯಿಂದ 2 ಡಿಗ್ರಿ ಸರಿಯಿತು, ಸಂಪರ್ಕ ಕಡಿಯಿತು. ದೂರ ಸುಮಾರು 1,990 ಕೋಟಿ ಕಿ.ಮೀ. ಆಗಸ್ಟ್ 1ಕ್ಕೆ ಹಲವು ಡಿಶ್‌ಗಳನ್ನು ಸೇರಿಸಿ ಕೇಳಿದಾಗ ಬರೀ ಕ್ಯಾರಿಯರ್ ಅಲೆ ಸಿಕ್ಕಿತು, ಒಳಗೆ ಮಾಹಿತಿ ಇಲ್ಲ. ಜೀವಂತವಿದೆ ಎಂಬುದಷ್ಟೇ ಖಾತ್ರಿ. ನೌಕೆ ತಾನಾಗಿ ದಿಕ್ಕು ಸರಿಪಡಿಸಿಕೊಳ್ಳುವ ದಿನ ಅಕ್ಟೋಬರ್ 15. ಅಲ್ಲಿಯವರೆಗೆ ಕಾಯದೆ, ಕ್ಯಾನ್‌ಬೆರಾದ 70 ಮೀಟರ್ ಡಿಶ್‌ನಿಂದ ಪೂರ್ಣ ಶಕ್ತಿಯಲ್ಲಿ ಆದೇಶ ಕಳಿಸಿದರು. ಹೋಗಲು 18.5 ಗಂಟೆ, ಉತ್ತರ ಬರಲು 18.5 ಗಂಟೆ. 37 ಗಂಟೆಯ ಮೇಲೆ, ಆಗಸ್ಟ್ 4ರಂದು ಮಾಹಿತಿ ಮತ್ತೆ ಹರಿಯತೊಡಗಿತು. ಈ ನೌಕೆ ದಕ್ಷಿಣದ ಆಕಾಶದಲ್ಲಿದೆ, ಅದಕ್ಕೆ ಆದೇಶ ಕಳಿಸಬಲ್ಲ ಡಿಶ್ ಭೂಮಿಯಲ್ಲಿ ಅದೊಂದೇ.

ಇನ್ನೂ ಒಂದು ಹೇಳಲೇಬೇಕು. 1978ರ ಏಪ್ರಿಲ್‌ನಲ್ಲಿ ವಾಯೇಜರ್-2ರ ಮುಖ್ಯ ರಿಸೀವರ್ ಕೆಟ್ಟಿತು. ಬದಲಿ ರಿಸೀವರ್‌ಗೆ ಬರುವ ಕಂಪನಾಂಕವನ್ನು ಹಿಂಬಾಲಿಸುವ ಶಕ್ತಿ ಹೋಗಿತ್ತು. ಅದು ಕೇಳಿಸಿಕೊಳ್ಳುವುದು ನೂರು ಹರ್ಟ್ಸ್ ಆಸುಪಾಸು ಅಗಲದ ಒಂದು ಸಣ್ಣ ಪಟ್ಟಿ ಮಾತ್ರ. ಭೂಮಿಯ ತಿರುಗುವಿಕೆಯೊಂದೇ ಕಂಪನಾಂಕವನ್ನು ಸಾವಿರಾರು ಹರ್ಟ್ಸ್ ಆಚೀಚೆ ಮಾಡುತ್ತದೆ. ಆದ್ದರಿಂದ ನೌಕೆಯ ಜಾಗ, ವೇಗ, ಡಿಶ್‌ನ ಚಲನೆ ಎಲ್ಲ ಲೆಕ್ಕ ಹಾಕಿ, ಅಲ್ಲಿಗೆ ತಲುಪುವಾಗ ಸರಿಯಾಗಿ ಆ ಪಟ್ಟಿಯೊಳಗೆ ಬೀಳುವಂತೆ ಕಂಪನಾಂಕವನ್ನು ಬದಲಿಸುತ್ತಾ ಕಳಿಸಬೇಕು. ರಿಸೀವರ್ ಸ್ವಲ್ಪ ಬಿಸಿಯಾದರೆ ಆ ಪಟ್ಟಿಯೂ ಜರುಗುತ್ತದೆ! ಹಾಗೆಯೇ ನಡೆಸಿಕೊಂಡು ಯುರೇನಸ್, ನೆಪ್ಚೂನ್ ಎರಡನ್ನೂ ಮುಟ್ಟಿಸಿದರು. ಆ ಎಂಜಿನಿಯರ್‌ಗಳಿಗೆ ನನ್ನ ನಮಸ್ಕಾರ.

ಬಿಎಸ್ಸಿ_ಭೌತ

ಮುಂದೆ ನೌಕೆಗಳು ಇದನ್ನೆಲ್ಲ ತಾವೇ ಮಾಡಿಕೊಳ್ಳುತ್ತವೆಯೇ?

ಗಗನಗಡಿಯಾರ

ಕೆಲವು ಈಗಾಗಲೇ ಮಾಡಿವೆ. 1998ರ ಡೀಪ್ ಸ್ಪೇಸ್-1 ಕ್ಷುದ್ರಗ್ರಹಗಳ ಚಿತ್ರ ತೆಗೆದು ತನ್ನ ಜಾಗ ತಾನೇ ಕಂಡುಕೊಂಡಿತು. 2022ರ ಸೆಪ್ಟೆಂಬರ್ 26ರಂದು ಡಿಮಾರ್ಫಸ್‌ಗೆ ಡಿಕ್ಕಿ ಹೊಡೆದ ಡಾರ್ಟ್, ಕೊನೆಯ ಗಂಟೆಗಳಲ್ಲಿ ಭೂಮಿಯ ಆದೇಶವಿಲ್ಲದೆ ಗುರಿ ಹಿಡಿಯಿತು. ಡಿಮಾರ್ಫಸ್ 160 ಮೀಟರ್ ಆಸುಪಾಸಿನ ಕಲ್ಲು, ಅದು ಪ್ರತ್ಯೇಕವಾಗಿ ಕಂಡದ್ದೇ ಕೊನೆಯ ಸುಮಾರು ಒಂದು ಗಂಟೆಯಲ್ಲಿ. 2019ರಲ್ಲಿ ಹಾರಿಸಿದ ಪಾದರಸ ಅಯಾನಿನ ಪರಮಾಣು ಗಡಿಯಾರ ಚೆನ್ನಾಗಿ ಕೆಲಸ ಮಾಡಿತು. ಅಂಥದ್ದು ನೌಕೆಯಲ್ಲೇ ಇದ್ದರೆ ಅಲೆ ಎರಡೂ ಕಡೆ ಓಡಾಡಬೇಕಿಲ್ಲ, ಒಮ್ಮುಖವೇ ಸಾಕು. ಪಲ್ಸಾರ್‌ಗಳ (ಗಡಿಯಾರದಂತೆ ಮಿಡಿಯುವ ನಕ್ಷತ್ರಗಳ) ಎಕ್ಸ್-ಕಿರಣ ಮಿಡಿತದಿಂದ ಜಾಗ ತಿಳಿಯುವ ಪ್ರಯೋಗ 2017ರಲ್ಲಿ ಬಾಹ್ಯಾಕಾಶ ನಿಲ್ದಾಣದ ಮೇಲೆ ನಡೆದು, 16 ಕಿ.ಮೀ. ಒಳಗಿನ ಉತ್ತರ ಕೊಟ್ಟಿತು.

ಮಿನುಗುತಾರೆ

ನೀವೆಲ್ಲ ಬರೆದದ್ದನ್ನು ಓದಿ ನಾಸಾದ ಜೆಪಿಎಲ್ ಪ್ರಯೋಗಾಲಯದ 'ಹೊರೈಜನ್ಸ್' (ಗ್ರಹ, ನೌಕೆಗಳ ಜಾಗದ ಪಟ್ಟಿ ಕೊಡುವ ಜಾಲತಾಣ) ತೆರೆದು ವಾಯೇಜರ್-1ರ ಭೂಮಿಯಿಂದಿರುವ ದೂರವನ್ನು ದಿನದಿನಕ್ಕೆ ತೆಗೆದು ನೋಡಿದೆ. ವರ್ಷದ ಮೊದಲರ್ಧದಲ್ಲಿ ಕೆಲವು ತಿಂಗಳು ದೂರ ಕಡಿಮೆಯಾಗುತ್ತಾ ಬರುತ್ತದೆ! ವಾಪಸ್ ಬರುತ್ತಿಲ್ಲ ಅಂತ ಗೊತ್ತು. ನಾನೇನಾದರೂ ತಪ್ಪು ಅಂಕಣ ಓದುತ್ತಿದ್ದೇನಾ?

ಕಕ್ಷೆಲೆಕ್ಕ

ಅಂಕಣ ಸರಿಯಾಗಿದೆ. ವಾಯೇಜರ್-1 ಸೂರ್ಯನಿಂದ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ದೂರ ಹೋಗುತ್ತಿದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತದೆ. ಪ್ರತಿ ವರ್ಷ ಕೆಲವು ತಿಂಗಳು ನಮ್ಮ ಓಟ ಅದರ ದಿಕ್ಕಿಗೇ ಇರುತ್ತದೆ. ಅದು ಕ್ರಾಂತಿವೃತ್ತದಿಂದ (ಭೂಮಿಯ ಕಕ್ಷೆಯ ಸಮತಲದಿಂದ) ಸುಮಾರು 35 ಡಿಗ್ರಿ ಮೇಲಕ್ಕಿದೆ, ಹಾಗಾಗಿ ನಮ್ಮ 30ರಲ್ಲಿ ಅದರ ಕಡೆಗೆ ಬೀಳುವುದು ಹೆಚ್ಚೆಂದರೆ 24.5. ಆದರೂ 17ಕ್ಕಿಂತ ಹೆಚ್ಚು, ದೂರ ಕುಗ್ಗುತ್ತದೆ. ಈಗ ಅದೇ ಪಟ್ಟಿಯಲ್ಲಿ ಒಂದು ನೆಲೆಯನ್ನು, ಉದಾಹರಣೆಗೆ ಗೋಲ್ಡ್‌ಸ್ಟೋನ್ ಅನ್ನು, ವೀಕ್ಷಣಾ ಸ್ಥಳವಾಗಿ ಕೊಟ್ಟು ಗಂಟೆಗೊಂದರಂತೆ ದೂರ ಬದಲಾಗುವ ವೇಗ ತೆಗೆಯಿರಿ. ದಿನದ ಏರಿಳಿತ ಕಾಣುತ್ತದೆ. ಅದರ ಎತ್ತರ ಅಳೆದು, ವಾಯೇಜರ್-1 ಖಗೋಳ ಸಮಭಾಜಕದಿಂದ ಎಷ್ಟು ಡಿಗ್ರಿ ಮೇಲಿದೆ ಎಂದು ಲೆಕ್ಕ ಹಾಕಿ ಇಲ್ಲಿ ಹಾಕಿ. ಉತ್ತರ ಅದೇ ಪಟ್ಟಿಯ ಇನ್ನೊಂದು ಅಂಕಣದಲ್ಲಿದೆ, ಆಮೇಲೆ ತಾಳೆ ನೋಡೋಣ.

ಮಿನುಗುತಾರೆ

ಏರಿಳಿತದ ಎತ್ತರ ಸೆಕೆಂಡಿಗೆ ಸುಮಾರು 370 ಮೀಟರ್ ಬಂತು. 380ರಿಂದ ಭಾಗಿಸಿದರೆ ಕೊಸೈನ್ 0.97, ಕೋನ 13 ಡಿಗ್ರಿ ಆಸುಪಾಸು. ಅಂಕಣದಲ್ಲಿ 12 ಚಿಲ್ಲರೆ ಇದೆ. ಉತ್ತರಕ್ಕೋ ದಕ್ಷಿಣಕ್ಕೋ ಅನ್ನುವುದು ಮಾತ್ರ ಕೊಸೈನ್‌ನಿಂದ ತಿಳಿಯುತ್ತಿಲ್ಲ ಸರ್, ಅದಕ್ಕೇನು ಮಾಡುತ್ತಾರೆ?

ಕಕ್ಷೆಲೆಕ್ಕ

ಭೇಷ್! ಆ ಚಿಹ್ನೆ ಡಾಪ್ಲರ್‌ನ ಏರಿಳಿತದಲ್ಲಿ ಇಲ್ಲ. ಉತ್ತರಾರ್ಧದ ಒಂದು ಡಿಶ್ ಮತ್ತು ದಕ್ಷಿಣಾರ್ಧದ ಒಂದು ಡಿಶ್ ಒಂದೇ ಹೊತ್ತಿಗೆ ಅಳೆದ ದೂರಗಳನ್ನು ಕಳೆದು ನೋಡಿ. ಗೋಲ್ಡ್‌ಸ್ಟೋನ್ ಮತ್ತು ಕ್ಯಾನ್‌ಬೆರಾ ಎರಡನ್ನೂ ಹಾಕಿ, ಯಾವುದಕ್ಕೆ ಹತ್ತಿರ ಬರುತ್ತದೆ ಹೇಳಿ.